ಹೆದರಿಕೆಯ ಪುಸ್ತಕ

2025ರ ಜನವರಿ 6, ಸೋಮವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಕರುಣಾ ತನ್ನ ಮೂರನೇ ತರಗತಿಯ ಇಪ್ಪತ್ತೇಳು ಮಕ್ಕಳ ಮುಂದೆ ಹೊಸದೊಂದು ಚಿತ್ರಪುಸ್ತಕ ತೆರೆದಳು. ಅಂಗಡಿಯಲ್ಲಿ ಕೊಂಡದ್ದಲ್ಲ. ಮಾತು ಅವಳದು, ಚಿತ್ರ ಅವಳ ಮಾವ ಯಂಕಣ್ಣನದು. ಹಳೇ ಹುಬ್ಬಳ್ಳಿಯ ಆ ಸರ್ಕಾರಿ ಶಾಲೆಯ ಓದುವ ಮೂಲೆಗೆಂದು ಇಬ್ಬರೂ ಸೇರಿ ಇಂಥ ಮೂರು ಪುಸ್ತಕ ಆಗಲೇ ಮಾಡಿದ್ದರು. ಒಂದು ಸಿಟ್ಟಿನದು, ಒಂದು ಹೊಟ್ಟೆಕಿಚ್ಚಿನದು, ಇನ್ನೊಂದು ಜಗಳವಾಡಿ ಮತ್ತೆ ಕೂಡಿದ ಇಬ್ಬರು ಗೆಳೆಯರದು. ಇದು ನಾಲ್ಕನೆಯದು, ಹೆದರಿಕೆಯದು. ದಪ್ಪ ಡ್ರಾಯಿಂಗ್ ಹಾಳೆಯ ಎಂಟು ಪುಟ, ನಡುವೆ ದಾರದ ಹೊಲಿಗೆ.

ಕಥೆ ಸರಳ. ಚಿನ್ನಿ ಎಂಬ ಹುಡುಗಿಗೆ ಶಾಲೆಯ ಶೌಚಾಲಯದ ಕತ್ತಲೆಂದರೆ ಭಯ. ಬಾಗಿಲು ಹಾಕಿಕೊಂಡ ಕೂಡಲೇ ಅಳು ಬರುತ್ತದೆ. ಆಗ ಅವಳ ಗೆಳತಿ ಹೊರಗೆ ನಿಂತು, ಚಿಲಕ ಮುರಿದು ಉಳಿದ ತೂತಿನಲ್ಲಿ ತೋರುಬೆರಳು ತೂರಿಸಿ ಅಲ್ಲಾಡಿಸುತ್ತಾಳೆ. ಬೆರಳು ಕಾಣುತ್ತಿರುವಷ್ಟು ಹೊತ್ತು ಚಿನ್ನಿಗೆ ಹೆದರಿಕೆಯಿಲ್ಲ. ಕೊನೆಯ ಪುಟದಲ್ಲಿ ಚಿನ್ನಿ ಒಬ್ಬಳೇ ಹೋಗಿ ಬರುತ್ತಾಳೆ. ಗೆಳತಿ ದೂರದಲ್ಲಿ ಹಗ್ಗದಾಟ ಆಡುತ್ತಿರುತ್ತಾಳೆ.

ಎರಡನೇ ಪುಟ ತಿರುವುವಷ್ಟರಲ್ಲಿ ಮುಂದಿನ ಸಾಲಿನ ಸೃಷ್ಟಿ ಎದ್ದು ನಿಂತಳು. "ಟೀಚರ್, ಇಕಿ ನಮ್ಮ ಮಹೆಕ ಅದಾಳಲ್ರಿ."

ಎತ್ತಿ ಕಟ್ಟಿದ ಎರಡು ಜಡೆ, ಎಡಹುಬ್ಬಿನ ಮೇಲೆ ಹಳೆಯ ಗಾಯದ ಗುರುತು, ಕೊರಳಲ್ಲಿ ಕರಿದಾರದ ತಾಯತ. ಹೆಸರೊಂದು ಬಿಟ್ಟು ಚಿತ್ರದಲ್ಲಿ ಎಲ್ಲವೂ ಮಹೆಕಳದೇ ಇತ್ತು. ಇಪ್ಪತ್ತೈದು ತಲೆಗಳು ಹಿಂದಕ್ಕೆ ತಿರುಗಿದವು. ಮಹೆಕ ಬೆಂಚಿನ ಮೇಲೆ ಮುಖವಿಟ್ಟಳು. ಪಕ್ಕದಲ್ಲಿ ಕೂತಿದ್ದ ನೀಲಾ, ಕರುಣಾಳ ಮಗಳು, ಅವಳ ತೋಳು ಮುಟ್ಟಿದಳು. ಮಹೆಕ ತೋಳು ಕೊಡವಿಕೊಂಡಳು.

ಕರುಣಾ ಓದು ನಿಲ್ಲಿಸಲಿಲ್ಲ. ನಡುವೆ ನಿಲ್ಲಿಸಿದರೆ ಮಕ್ಕಳ ಗಮನ ಇನ್ನಷ್ಟು ಅತ್ತಲೇ ಹೋದೀತು ಎಂದುಕೊಂಡು ಎಂಟೂ ಪುಟ ಮುಗಿಸಿದಳು. ಮಕ್ಕಳು ಚಪ್ಪಾಳೆ ತಟ್ಟಿದರು.

ಆ ಸಂಜೆ ಏಳೂವರೆಗೆ ಮನೆಯಲ್ಲಿ ಐದು ತಾಟು ಹಾಕಿದರು. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ಊಟದ ಹೊತ್ತಿಗೆ ನೀಲಾ ಶಾಲೆಯ ಸುದ್ದಿ ಹೇಳುವುದು ಆ ಮನೆಯ ರೂಢಿ. ಯಾರು ಬಿದ್ದರು, ಯಾರ ಪಾಟಿ ಒಡೆಯಿತು, ಬಿಸಿಯೂಟದ ಸಾರಿನಲ್ಲಿ ಏನು ತೇಲುತ್ತಿತ್ತು, ಎಲ್ಲವೂ ಬರುತ್ತಿತ್ತು. ಮಹೆಕಳಿಗಾಗಿ ತಾನು ಬೆರಳು ತೂರಿಸುವ ಸಂಗತಿಯನ್ನೂ ಅವಳು ನವೆಂಬರಿನಲ್ಲಿ ಹೀಗೆಯೇ, ಬಾಯಿತುಂಬ ರೊಟ್ಟಿ ಇಟ್ಟುಕೊಂಡು ಹೇಳಿದ್ದಳು.

ಇವತ್ತು ಅವಳು ರೊಟ್ಟಿಯ ಅಂಚು ಮುರಿದು ಹಾಗೇ ಕೂತಿದ್ದಳು.

"ಯಾಕ ಉಣ್ಣವಲ್ಲಿ?" ಒಲೆಯ ಮುಂದಿನಿಂದ ಅಜ್ಜಿ ಗುಡ್ಡವ್ವ ಕೇಳಿದಳು.

"ಹಸಿವಿಲ್ಲ ಆಯಿ."

"ಸಾಲ್ಯಾಗ ಏನಾತು? ಹೇಳು."

"ಹೇಳಂಗಿಲ್ಲ. ಹೇಳಿದ್ರ ಅವ್ವ ಪುಸ್ತಕ ಮಾಡ್ತಾಳ."

ಹನುಮೇಶ ಹೆಂಡತಿಯತ್ತ ನೋಡಿದ. ಅವನು ವಿದ್ಯಾನಗರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪ್ರಯೋಗಾಲಯದ ಸಹಾಯಕ. ಪೂರ್ತಿ ವಿವರ ತಿಳಿಯದೆ ಮಾತಾಡುವವನಲ್ಲ. ಕರುಣಾ ನಡೆದದ್ದನ್ನು ಇದ್ದಂತೆ ಹೇಳಿದಳು.

"ಆ ಹುಡುಗಿಗೆ ಮೊದಲ ಒಂದ ಮಾತು ಕೇಳಿದ್ದೇನು?" ಎಂದ ಹನುಮೇಶ.

"ಹೆಸರು ಬದಲ ಮಾಡೇನಲ್ರಿ."

"ಹೆಸರು ಬದಲ ಮಾಡಿದ್ರ ಆತೇನು? ಮಾರಿ ಆಕಿದ ಐತಲ್ಲ."

"ಮಾರಿ ನಾ ತಗದಿಲ್ಲ. ಮಾವಾರು ತಗದಾರ."

ಯಂಕಣ್ಣ ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದವನು. ಅವನಿಗೆ ಒಂದು ಕಟ್ಟಳೆಯಿತ್ತು: ಕಣ್ಣಾರೆ ನೋಡದ್ದನ್ನು ತೆಗೆಯುವುದಿಲ್ಲ. ಮಾವಿನಕಾಯಿ ಬೇಕಾದರೆ ಮಾವಿನಕಾಯಿ ತಂದು ಮುಂದಿಡಬೇಕು. ಈ ಪುಸ್ತಕಕ್ಕಾಗಿಯೂ ಎರಡು ಸಲ ಶಾಲೆಗೆ ಹೋಗಿ ಶೌಚಾಲಯದ ತಗಡಿನ ಬಾಗಿಲು ನೋಡಿ ಬಂದಿದ್ದ. ಹುಡುಗಿ ಬೇಕಾದಾಗ ಹಿತ್ತಲ ಗೋಡೆಯ ಆಚೆ ಆಡುತ್ತಿದ್ದ ಮಹೆಕಳನ್ನು ನೋಡಿ ತೆಗೆದ.

"ನಾ ನೋಡಿದ್ದನ್ನ ತಗೀತೇನಿ," ಎಂದ. "ಮನಸಿನಾಗ ನೆನಿಸಿ ತಗದ ಮಾರಿ ಕ್ಯಾಲೆಂಡರದ ಮಾರಿ ಆಗತೈತಿ."

"ನಿಮ್ಮ ಕಣ್ಣೀಗೆ ಬೆಂಕಿ ಹಾಕ್ಲಿ," ಎಂದಳು ಗುಡ್ಡವ್ವ. "ನಲವತ್ತು ವರ್ಷ ಆತು, ನನ್ನ ಮಾರಿ ಒಮ್ಮೆರ ತಗದೀರೇನು? ಗುಲ್ಜಾರಬಿ ಮೊಮ್ಮಗಳ ಗಾಯ ಮಾತ್ರ ಬರೋಬರಿ ಕಂಡೈತಿ."

"ನೀ ಒಂದ ಕಡೆ ಕೂತ್ರ ತಗೀಬೌದು."

ಬೇರೆ ದಿನವಾಗಿದ್ದರೆ ನೀಲಾ ನಗುತ್ತಿದ್ದಳು. ಅವಳು ತಾಟು ಬಿಟ್ಟೆದ್ದು ಹೋಗಿ ಕೈ ತೊಳೆದಳು.

ಮಹೆಕಳ ಮನೆ ದೂರದ್ದೇನಲ್ಲ. ಎರಡೂ ಮನೆಗಳ ಹಿತ್ತಲ ನಡುವೆ ಸೊಂಟದೆತ್ತರದ ಗೋಡೆ. ಆಚೆ ಅಜ್ಜಿ ಗುಲ್ಜಾರಬಿ ಸೀರೆಗೆ ಫಾಲ್ ಹಚ್ಚುತ್ತಾಳೆ, ಮಗ ಅಜೀಮ ರಿಕ್ಷಾ ಓಡಿಸುತ್ತಾನೆ. ಮಹೆಕಳ ತಾಯಿ ಅವಳು ಎರಡು ವರ್ಷದವಳಿದ್ದಾಗ ತೀರಿಕೊಂಡಳು. ಗೋಡೆಯ ಮೇಲಿಂದ ಕೊತ್ತಂಬರಿ, ಮೊಸರಿನ ಹೆಪ್ಪು, ಕತ್ತರಿ, ಪೇಪರು ಎಲ್ಲ ಆಚೆ ಈಚೆ ಹೋಗುತ್ತಿದ್ದವು. ಇಬ್ಬರು ಹುಡುಗಿಯರು ಆ ಗೋಡೆ ಹತ್ತಿ ಇಳಿದು ಅದರ ಒಂದು ಕಡೆಯ ಗಾರೆಯೇ ಸವೆದುಹೋಗಿತ್ತು.

ಆ ವಾರ ಗೋಡೆ ಯಾರೂ ಹತ್ತಲಿಲ್ಲ. ಶಾಲೆಯಲ್ಲಿ ಮಹೆಕ ಕೊನೆಯ ಬೆಂಚಿಗೆ ಹೋಗಿ ಕೂತಳು. ಅವಳು ಶೌಚಾಲಯಕ್ಕೆ ಹೋದರೆ ಮೂರ್ನಾಲ್ಕು ಮಕ್ಕಳು ಹಿಂದೆಯೇ ಹೋಗಿ ತೂತಿನೊಳಗೆ ಒಬ್ಬರಾದ ಮೇಲೊಬ್ಬರು ಬೆರಳು ತೂರಿಸಿ, "ಚಿನ್ನಿ, ಹೆದರಬ್ಯಾಡ" ಎಂದು ಕೂಗಿ ಓಡುತ್ತಿದ್ದರು. ಕರುಣಾ ಸೃಷ್ಟಿಯನ್ನೂ ಇನ್ನಿಬ್ಬರನ್ನೂ ನಿಲ್ಲಿಸಿ ಬೈದಳು. ಬೈದ ಮೇಲೆ ವಿಷಯ ನಾಲ್ಕನೇ ತರಗತಿಗೂ ಗೊತ್ತಾಯಿತು.

ಜನವರಿ 14ರಂದು ಸಂಕ್ರಾಂತಿ. ನೀಲಾ ಹೊಸ ಫ್ರಾಕು ಹಾಕಿಕೊಂಡು ಸಣ್ಣ ಡಬ್ಬಿಯಲ್ಲಿ ಕುಸುರೆಳ್ಳು ತುಂಬಿಕೊಂಡು ಗೋಡೆಯ ಹತ್ತಿರ ಹೋದಳು. ಪ್ರತಿ ವರ್ಷ ಮೊದಲ ಚಿಟಿಕೆ ಮಹೆಕಳಿಗೆ.

"ದಾದಿ, ಮಹೆಕ ಎಲ್ಲಿ?"

"ಒಳಗ ಅದಾಳವ್ವ," ಎಂದಳು ಗುಲ್ಜಾರಬಿ. ಒಳಗೆ ತಿರುಗಿ ಕರೆದಳು. ಉತ್ತರ ಬರಲಿಲ್ಲ. ಗುಲ್ಜಾರಬಿ ತಾನೇ ಸೆರಗೊಡ್ಡಿ ತೆಗೆದುಕೊಂಡು, "ಕೊಡ್ತೇನಿ ತಗೋ. ಎರಡು ದಿನ ಹಿಂಗ ಇರ್ತಾವ ಹುಡುಗುರು" ಎಂದಳು.

ನೀಲಾ ಒಂದು ನಿಮಿಷ ನಿಂತು ನೋಡಿ ಬಂದಳು. ಡಬ್ಬಿ ಅಡುಗೆಮನೆಯಲ್ಲಿಟ್ಟು, "ಉಳದದ್ದು ಯಾರಿಗರ ಕೊಡ್ರಿ" ಎಂದಳು.

ಎರಡು ದಿನ ಎಂದದ್ದು ವಾರವಾಯಿತು. ಊಟದ ಹೊತ್ತಿನಲ್ಲಿ ಈಗ ತಾಟಿನ ಸಪ್ಪಳ ಮಾತ್ರ. ಕರುಣಾ ಒಮ್ಮೆ, "ಇವತ್ತ ಸಾಲ್ಯಾಗ ನಾನೂ ಇದ್ದೆ, ನೀನೂ ಇದ್ದಿ, ಆದ್ರೂ ನಿನ್ನ ಬಾಯಿಲೆ ಕೇಳಿದ್ರ ಬ್ಯಾರೇನ ಅನಸ್ತಿತ್ತು" ಎಂದಳು. ನೀಲಾ ಪಲ್ಯ ಹಾಕಿಸಿಕೊಂಡಳು.

ಜನವರಿ 22ರ ಬುಧವಾರ ಗುಡ್ಡವ್ವ ಗಿರಣಿಗೆ ಜೋಳ ಬೀಸಿಸಲು ಹೋದವಳು ಹಿಟ್ಟಿನ ಡಬ್ಬಿಯನ್ನು ಪಡಸಾಲೆಯಲ್ಲೇ ಇಳಿಸಿ, ಬೆವರೊರೆಸಿಕೊಳ್ಳದೆ ಹೇಳಿದಳು:

"ಮಹೆಕ ಮೂರು ದಿನ ಸಾಲಿಗೆ ಬಂದಿಲ್ಲಲ್ಲ, ಯಾಕಂತ ಗೊತ್ತೈತೇನು? ಗಿರಣ್ಯಾಗ ಗುಲ್ಜಾರಬಿ ಸಿಕ್ಕಿದ್ಳು. ಹುಡುಗಿಗೆ ಥಂಡಿ ಹತ್ತಿ ಜ್ವರ, ಕಿಬ್ಬೊಟ್ಟಿ ನೋವು. ಡಾಕ್ಟರು ಮೂತ್ರದ ಸೋಂಕು ಅಂದಾರಂತ. ದಿನಾ ಸಾಲ್ಯಾಗ ಒಂದ ಹನಿ ನೀರು ಕುಡಿಯಂಗಿಲ್ಲಂತ. ಕುಡದ್ರ ಹೋಗಬೇಕಾಗ್ತೈತಲ್ಲ, ಅದಕ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಮುಂಜಾನೆ ಒಂಬತ್ತಕ್ಕ ಹೋದ ಹುಡುಗಿ ಸಂಜಿ ಐದರ ತನಕ ಹಂಗ ಕೂಡ್ತಿತ್ತು," ಎಂದಳು ಗುಡ್ಡವ್ವ. "ಛಲೋ ಪುಸ್ತಕ ಮಾಡೀರಿ ಇಬ್ಬರೂ."

"ಆ ಶೌಚಾಲಯಕ್ಕ ದೀಪಾ ಹಾಕಸ್ರಿ ಅಂತ ನಾ ಮೂರು ಸಲ ಬರದು ಕೊಟ್ಟೇನಿ ಅತ್ತಿ," ಎಂದಳು ಕರುಣಾ. "ಆ ಮಕ್ಕಳ ಸಂಕಟ ಯಾರಿಗರ ಕಾಣಲಿ ಅಂತನ ಬರದದ್ದು ಅದು."

"ಕಂಡ್ತಲ್ಲ. ಎಲ್ಲಾರಿಗೂ ಕಂಡ್ತು."

ಕರುಣಾ ಎದ್ದಳು. ಓದುವ ಮೂಲೆಯಿಂದ ಅವಳು ಆ ಪುಸ್ತಕವನ್ನು ವಾರದ ಹಿಂದೆಯೇ ತೆಗೆದು ಮನೆಗೆ ತಂದಿಟ್ಟಿದ್ದಳು. ಜನವರಿ 30ಕ್ಕೆ ಶಿಕ್ಷಕರ ಕಲಿಕಾ ಸಾಮಗ್ರಿಗಳ ಪ್ರದರ್ಶನ. ಶಾಲೆಗೆ ಬಂದು ಪುಸ್ತಕ ನೋಡಿ ಹೋಗಿದ್ದ ಅಧಿಕಾರಿಯೊಬ್ಬರು, ಅಲ್ಲಿ ಆಯ್ಕೆಯಾದರೆ ಇದನ್ನು ಅಚ್ಚು ಹಾಕಿಸಿ ಎಲ್ಲ ಶಾಲೆಗಳಿಗೂ ಕಳಿಸೋಣ ಎಂದಿದ್ದರು. ಅವಳು ಟ್ರಂಕಿನಿಂದ ಪುಸ್ತಕ ತೆಗೆದು ಚಪ್ಪಲಿ ಮೆಟ್ಟಿದಳು.

"ಏನ್ರಿ, ನೀವ್ಯಾಕ ಕೂತೀರಿ?" ಗುಡ್ಡವ್ವ ಗಂಡನಿಗೆ ಕೇಳಿದಳು. "ಮಾರಿ ತಗದಾವರು ನೀವು. ನೀವೂ ನಡೀರಿ."

ಗುಲ್ಜಾರಬಿಯ ಮುಂದಿನ ಕೋಣೆಯಲ್ಲಿ ಹೊಲಿಗೆಯಂತ್ರ, ಸೀರೆಗಳ ರಾಶಿ, ಮೂಲೆಯಲ್ಲಿ ಮಂಚ. ಮಂಚದ ಮೇಲೆ ಮಹೆಕ ಚಾದರ ಹೊದ್ದು ಕೂತು ಅಕ್ಕಿಗಂಜಿ ಕುಡಿಯುತ್ತಿದ್ದಳು. ಟೀಚರನ್ನು ನೋಡಿ ಬಟ್ಟಲು ಕೆಳಗಿಟ್ಟಳು.

"ನನ್ನ ಕಡೆಯಿಂದ ತಪ್ಪಾಗೇತಿ," ಎಂದಳು ಕರುಣಾ, ಗುಲ್ಜಾರಬಿಗೆ. "ನಿಮ್ಮನ್ನ ಒಂದ ಮಾತು ಕೇಳಬೇಕಾಗಿತ್ತು."

ಗುಲ್ಜಾರಬಿ ಸೂಜಿಗೆ ದಾರ ಪೋಣಿಸಲು ನೋಡುತ್ತಿದ್ದಳು. ಕಣ್ಣಿಗೆ ಪೊರೆ ಬಂದು ಈಚೆಗೆ ಅದು ಅವಳಿಗೆ ಬೇಗ ಆಗುತ್ತಿರಲಿಲ್ಲ. "ನನ್ನ ಯಾಕ ಕೇಳ್ತೀರಿ ಅಕ್ಕೋರ? ಹೆದರಿಕಿ ನಂದಲ್ಲ. ಕೇಳೂದಿದ್ರ ಆಕೀನ್ನ ಕೇಳ್ರಿ."

ಕರುಣಾ ಮಂಚದ ಪಕ್ಕ ನೆಲದ ಮೇಲೆ ಕೂತಳು. ಹೀಗೆ ಕೂತಾಗ ಮಹೆಕಳ ಮುಖ ಅವಳಿಗಿಂತ ಮೇಲಿತ್ತು. "ನಿಂಗ ಕೇಳದ ನಿನ್ನ ಸುದ್ದಿ ಬರದೆ. ತಪ್ಪಾತು ಮಹೆಕ. ಈ ಪುಸ್ತಕ ನಿನ್ನ ಕೈಯಾಗ ಕೊಡಾಕ ಬಂದೇನಿ. ಹರೀತೇನಂದ್ರ ಹರಿ."

ಮಹೆಕ ಪುಸ್ತಕ ತೆಗೆದುಕೊಂಡಳು. ಹರಿಯಲಿಲ್ಲ. ಮೊದಲ ಪುಟದಿಂದ ನೋಡತೊಡಗಿದಳು. ತರಗತಿಯಲ್ಲಿ ಅವಳು ಇದನ್ನು ನೋಡಿಯೇ ಇರಲಿಲ್ಲ, ತಲೆ ಎತ್ತಿದ್ದರಲ್ಲವೆ. ಬಾಗಿಲಿನ ಚಿತ್ರ ಬಂದಾಗ ತುಕ್ಕಿನ ಕಲೆಯ ಮೇಲೆ ಬೆರಳಿಟ್ಟು, "ಈ ಜಂಗು ಖರೇನ ಇಲ್ಲೇ ಐತಿ" ಎಂದಳು. ಯಂಕಣ್ಣ, "ನೋಡ್ಕೊಂಡ ಬಂದೇನವ್ವ" ಎಂದ. ತೂತಿನಿಂದ ಬಂದ ಬೆರಳಿನ ಪುಟವನ್ನು ಅವಳು ಬಹಳ ಹೊತ್ತು ನೋಡಿದಳು. ಎಂಟನೇ ಪುಟಕ್ಕೆ ಬಂದು ನಿಂತಳು.

"ಇದು ಸುಳ್ಳ."

"ಯಾವುದು?"

"ನಾ ಒಬ್ಬಾಕಿನ ಎಂದೂ ಹೋಗಿಲ್ಲ. ನಂಗಿನ್ನೂ ಹೆದರಿಕಿ ಬರತೈತಿ. ಎಲ್ಲಾರೂ ಕೇಳ್ತಾರ, ಪುಸ್ತಕದಾಗ ನಿಂಗ ಧೈರ್ಯ ಬಂದೈತಿ, ಖರೇನ ಯಾಕ ಬಂದಿಲ್ಲ ಅಂತ." ಅವಳು ಮೂಗೊರೆಸಿಕೊಂಡಳು. "ಮತ್ತ ನೀಲಾ ಇಲ್ಲಿ ಹಗ್ಗ ಆಡಾಕತ್ತಾಳ. ನನ್ನ ಬಾಜೂಕ ನಿಂತು ನಿಂತು ಬ್ಯಾಸರ ಆಗೇತಿ ಆಕೀಗೆ. ಹಂಗಂತ ಮನ್ಯಾಗ ಹೇಳ್ಯಾಳ, ಅದಕ ಹಿಂಗ ತಗದೀರಿ."

ಕರುಣಾ ಬಾಯಿ ತೆರೆದಳು. ಕಥೆ ಎಂದರೆ ಕೊನೆಗೆ ಒಳ್ಳೆಯದಾಗಬೇಕು ಎಂದು ಬರೆದದ್ದು ಎಂದು ಹೇಳಬೇಕೆಂದಿದ್ದಳು.

ಅವಳಿಗಿಂತ ಮೊದಲು ಯಂಕಣ್ಣ ಮಾತಾಡಿದ. "ಇಲ್ಲವ್ವ, ಆಕಿ ಹಂಗ ಹೇಳಿಲ್ಲ. ಏಳು ಪುಟ ನಾ ನೋಡಿ ತಗದೇನಿ. ಇದೊಂದು ನೋಡಿಲ್ಲ. ಹಿಂಗ ಇರಲಿ ಅಂತ ನಿಮ್ಮ ಟೀಚರ್ ಅಂದ್ರು, ತಗದುಬಿಟ್ಟೆ."

"ನೀವ ಹೇಳ್ತಿದ್ರೆಲ್ಲ, ನೋಡದ್ದನ್ನ ತಗಿಯಂಗಿಲ್ಲ ಅಂತ," ಎಂದಳು ಮಹೆಕ.

"ತಗೀಬಾರದಾಗಿತ್ತು."

ಮಹೆಕ ಪುಸ್ತಕ ಮುಚ್ಚಿದಳು. "ಇದು ನನ್ನ ಕಡೆನ ಇರ್ಲಿ."

"ಇರ್ಲಿ," ಎಂದಳು ಕರುಣಾ.

ಗುಲ್ಜಾರಬಿ ಸೂಜಿ-ದಾರವನ್ನು ಕರುಣಾಳ ಕೈಗೆ ಕೊಟ್ಟಳು. ಕರುಣಾ ಪೋಣಿಸಿ ಕೊಟ್ಟಳು. "ಚಾ ಮಾಡ್ತೇನಿ, ಕೂಡ್ರಿ," ಎಂದಳು ಗುಲ್ಜಾರಬಿ.

ಮನೆಗೆ ಬಂದು ಯಂಕಣ್ಣ ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡು ಹಗ್ಗದಾಟದ ಮಾತನ್ನು ತಿಳಿಸಿದ. ನೀಲಾ ಅವನನ್ನೇ ನೋಡಿದಳು.

"ಅಜ್ಜಾ, ನಂಗ ಹಗ್ಗ ಆಡಾಕ ಬರೂದ ಇಲ್ಲ."

"ಗೊತ್ತಿದ್ದಿಲ್ಲವ್ವ."

"ಕೇಳಬೇಕಿತ್ತಲ್ಲ."

"ಕೇಳಬೇಕಿತ್ತು," ಎಂದು ಯಂಕಣ್ಣ ಒಪ್ಪಿಕೊಂಡ.

ಹನುಮೇಶ ತನಗೆ ತಿಳಿದ ರೀತಿಯಲ್ಲಿ ಕೆಲಸಕ್ಕೆ ಹತ್ತಿದ. ಡಾಕ್ಟರು ಶಾಲೆಯ ಹೊತ್ತಿನಲ್ಲಿ 750 ಮಿಲಿಲೀಟರಿನ ಒಂದು ಬಾಟಲಿ ನೀರು ಕುಡಿಯಲೇಬೇಕು ಎಂದಿದ್ದರು. ಗುಲ್ಜಾರಬಿಗೆ ಬಾಟಲಿಯಲ್ಲಿ ಎಷ್ಟು ಉಳಿದಿದೆ ಎಂದು ಕಾಣುತ್ತಿರಲಿಲ್ಲ, ಅಜೀಮ ಮನೆಗೆ ಬರುವುದು ಊಟದ ಹೊತ್ತಿಗೆ. ಹನುಮೇಶ ಕಾಲೇಜಿನಲ್ಲಿ ಬಾಯಿ ಒಡೆದಿದೆ ಎಂದು ತೆಗೆದುಹಾಕಿದ್ದ ಅಳತೆಯ ಸಿಲಿಂಡರೊಂದನ್ನು ಕೇಳಿ ಮನೆಗೆ ತಂದ. ದಿನಾ ಸಂಜೆ ಗೋಡೆಯ ಮೇಲಿಂದ ಬಾಟಲಿ ಈಚೆ ಬರಬೇಕು, ಉಳಿದ ನೀರನ್ನು ಅಳೆದು ಕ್ಯಾಲೆಂಡರಿನಲ್ಲಿ ಬರೆಯಬೇಕು ಎಂದು ನಿಶ್ಚಯವಾಯಿತು.

"ನೀರು ಅಳದ್ರ ಹುಡುಗಿ ಕುಡೀತಾಳೇನು?" ಎಂದಳು ಗುಡ್ಡವ್ವ.

"ಕುಡದಾಳೋ ಇಲ್ಲೋ ಗೊತ್ತರ ಆಗ್ತೈತಿ."

ಜನವರಿ 26, ಭಾನುವಾರ, ಧ್ವಜಾರೋಹಣ ಮುಗಿದು ಮಕ್ಕಳು ಮಿಠಾಯಿ ತಿಂದು ಹೋದ ಮೇಲೆ ಹನುಮೇಶ ಮತ್ತು ಅಜೀಮ ಹೆಡ್ ಟೀಚರ ಒಪ್ಪಿಗೆ ಪಡೆದು ಶೌಚಾಲಯದ ಮೇಲೆ ಹತ್ತಿದರು. ಒಂದು ತಗಡು ತೆಗೆದು ಅಲ್ಲಿ ಬೆಳಕು ಬೀಳುವ ಪ್ಲಾಸ್ಟಿಕ್ ಶೀಟು ಕೂರಿಸಿದರು. ಹೊಸ ಚಿಲಕವೂ ಬಂತು, ಹಳೆಯದಕ್ಕಿಂತ ನಾಲ್ಕು ಬೆರಳು ಮೇಲೆ. ತೂತು ಮುಚ್ಚಲು ತಂದಿದ್ದ ತಗಡಿನ ತುಂಡನ್ನು ಅಜೀಮ ಮಗಳಿಗೆ ತೋರಿಸಿ, "ಹಚ್ಚಲೇನು?" ಎಂದ. ಮಹೆಕ ತಲೆ ಅಲ್ಲಾಡಿಸಿದಳು. ಬೇಡ.

ಸೋಮವಾರ ಮಹೆಕ ಶಾಲೆಗೆ ಬಂದಳು. ಸಂಜೆ ಬಾಟಲಿಯಲ್ಲಿ ಉಳಿದದ್ದು 610 ಮಿಲಿಲೀಟರ್. ಮಂಗಳವಾರ 640. ಬುಧವಾರ 625.

"ಒಳಗ ಬೆಳಕು ಬಂದೈತಲ್ಲೋ ಮಾರಾಯಾ," ಎಂದ ಅಜೀಮ ಗೋಡೆಯ ಆಚೆಯಿಂದ.

"ಬಂದೈತಿ," ಎಂದ ಹನುಮೇಶ. "ಹೆದರಿಕಿ ಹೋಗಿಲ್ಲ."

ಗುರುವಾರ ಕರುಣಾ ಪ್ರದರ್ಶನಕ್ಕೆ ಹೋದಳು. ಸಿಟ್ಟಿನ ಪುಸ್ತಕ ಒಯ್ದಿದ್ದಳು. ಅಧಿಕಾರಿಗಳು, "ಅದ್ಯಾವುದೋ ಬೆರಳಿನ ಪುಸ್ತಕ ಇತ್ತಲ್ರಿ, ಅದನ್ನ ಯಾಕ ತಂದಿಲ್ಲ?" ಎಂದು ಕೇಳಿದರು. "ಅದು ನನ್ನ ಕಡೆ ಇಲ್ರಿ. ಅದರಾಗ ಒಂದ ಪುಟ ತಪ್ಪೈತಿ," ಎಂದಳು. "ತಿದ್ದಿ ತರಬೇಕಿತ್ತು." "ತಿದ್ದೂದು ನನ್ನ ಕೈಯಾಗಿಲ್ರಿ." ಸಿಟ್ಟಿನ ಪುಸ್ತಕ ಆಯ್ಕೆಯಾಗಲಿಲ್ಲ. ಅವಳು ಬಸ್ಸು ಹಿಡಿದು ಮನೆಗೆ ಬರುವಷ್ಟರಲ್ಲಿ ಪಡಸಾಲೆಯಲ್ಲಿ ತುಪ್ಪದ ವಾಸನೆಯಿತ್ತು.

"ಸೊನ್ನಿ," ಎಂದು ಗುಡ್ಡವ್ವ ಒಳಗಿನಿಂದಲೇ ಹೇಳಿದಳು. "ಇವತ್ತ ಬಾಟಲಿ ಖಾಲಿ ಬಂದೈತಿ. ಹನುಮೇಶ ತಲಿಕೆಳಗ ಮಾಡಿ ನೋಡಿದ. ಒಂದ ಹನಿ ಇಲ್ಲ. ಅದಕ ಗೋಧಿ ಹುಗ್ಗಿ ಮಾಡಾಕತ್ತೇನಿ."

ಒಂದು ಬಟ್ಟಲು ಹುಗ್ಗಿ ಗೋಡೆಯ ಆಚೆ ಹೋಯಿತು. ಗುಲ್ಜಾರಬಿ ಬಟ್ಟಲು ತೊಳೆದು, ಅದರಲ್ಲಿ ನಾಲ್ಕು ಬಾಳೆಹಣ್ಣು ಇಟ್ಟು ಕಳಿಸಿದಳು. ಊಟಕ್ಕೆ ಕೂತಾಗ ಎಲ್ಲರ ಮುಖದಲ್ಲೂ ಗೆಲುವು. ನೀಲಾ ತಾಟಿನಲ್ಲಿದ್ದ ಹುಗ್ಗಿ ಮುಟ್ಟಲಿಲ್ಲ.

ಅವಳು ಮಧ್ಯಾಹ್ನ ನೋಡಿದ್ದಳು. ಬಿಸಿಯೂಟದ ತಟ್ಟೆ ತೊಳೆಯಲು ಎಲ್ಲರೂ ನಳದ ಹತ್ತಿರ ಸೇರಿದ್ದಾಗ ಮಹೆಕ ಕೋಣೆಯ ಹಿಂದೆ ಹೋಗಿ ಕರಿಬೇವಿನ ಗಿಡದ ಬುಡಕ್ಕೆ ಬಾಟಲಿ ಬಗ್ಗಿಸಿದಳು. ಪೂರ್ತಿ ಖಾಲಿಯಾಗುವವರೆಗೆ ಹಿಡಿದಿದ್ದಳು.

"ಅಪ್ಪಾ," ಎಂದಳು ನೀಲಾ. "ನೀರು ಕುಡೀಲಿಲ್ಲಂದ್ರ ಮತ್ತ ಜ್ವರ ಬರತೈತೇನು?"

"ಬರಬೌದು. ಮೂತ್ರಪಿಂಡಕ್ಕೂ ತ್ರಾಸ ಆಗಬೌದು. ಯಾಕ?"

"ಸುಮ್ನ ಕೇಳಿದೆ."

ಹನುಮೇಶ ತುತ್ತು ಕೆಳಗಿಟ್ಟ. ಕರುಣಾ ಮಗಳ ಮುಖ ನೋಡಿದಳು. ಏನೋ ಇದೆ ಎಂದು ತಿಳಿಯಿತು. ಕೇಳಬೇಕೆಂದು ನಾಲಿಗೆಯ ತುದಿಗೆ ಬಂತು. "ಹುಗ್ಗಿಗೆ ಇನ್ನೊಂದೀಟು ತುಪ್ಪ ಹಾಕ್ಲೇನು?" ಎಂದಳು.

"ಬ್ಯಾಡ."

ಶುಕ್ರವಾರವೂ ಸೊನ್ನೆ. ಶನಿವಾರವೂ. ಎರಡೆರಡು ತಿಂಗಳು ಒಂದೇ ಹಾಳೆಯಲ್ಲಿದ್ದ ಕ್ಯಾಲೆಂಡರಿನಲ್ಲಿ ಬಾಬಾಸಾಹೇಬರ ಫೋಟೋದ ಕೆಳಗೆ ಮೂರು ಸೊನ್ನೆಗಳು ಒಂದಾದ ಮೇಲೊಂದು ಕೂತವು. ಭಾನುವಾರ ಗುಡ್ಡವ್ವ ಗೋಡೆಯ ಹತ್ತಿರ ನಿಂತು ಬಂದು, "ಮತ್ತ ಮೈ ಬೆಚ್ಚಗ ಆಗೇತಂತ ಆ ಹುಡುಗೀದು. ಇಷ್ಟ ನೀರು ಕುಡದ್ರೂ ಹೆಂಗ?" ಎಂದಳು. ನೀಲಾ ಹೋಂವರ್ಕ್ ಬರೆಯುತ್ತಿದ್ದಳು. ಪೆನ್ಸಿಲ್ ನಿಂತಿತು.

ಫೆಬ್ರುವರಿ 3, ಸೋಮವಾರ. ಪ್ರಾರ್ಥನೆಯ ಗಂಟೆ ಬಾರಿಸುವ ಮುಂಚೆ ನೀಲಾ ಕೊನೆಯ ಬೆಂಚಿಗೆ ಹೋದಳು. ಇಪ್ಪತ್ತೆಂಟು ದಿನಗಳಿಂದ ಇಬ್ಬರೂ ಮಾತಾಡಿರಲಿಲ್ಲ.

"ನೀ ನೀರು ಚೆಲ್ಲೂದು ನಾ ನೋಡೇನಿ," ಎಂದಳು.

ಮಹೆಕ ಬಾಟಲಿಯನ್ನು ಮಡಿಲಿಗೆ ಎಳೆದುಕೊಂಡಳು. "ಯಾರಿಗೆ ಹೇಳಿದಿ?"

"ಯಾರಿಗೂ ಹೇಳಿಲ್ಲ. ನಮ್ಮಪ್ಪ ಸೊನ್ನಿ ಬರದಾಗನೂ ಹೇಳಿಲ್ಲ. ನಮ್ಮ ಆಯಿ ಹುಗ್ಗಿ ಮಾಡಿದಾಗನೂ ಹೇಳಿಲ್ಲ." ನೀಲಾ ಉಸಿರೆಳೆದುಕೊಂಡಳು. "ಈಗ ಹೇಳಬೇಕನಸ್ತೈತಿ. ನಿಂಗ ಮತ್ತ ಜ್ವರ ಬಂದೈತಿ. ಹೇಳ್ಲೇನು?"

"ಬ್ಯಾಡ."

"ಹಂಗಾದ್ರ ಕುಡಿ."

"ಕುಡದ್ರ ಹೋಗಬೇಕಾಗ್ತೈತಿ."

"ನಾ ಬರತೇನಿ."

"ಎಲ್ಲಾರೂ ಬೆರಳು ಹಾಕ್ತಾರ ಅದರಾಗ. ನಿಂದ ಯಾವುದಂತ ನಂಗ ಹೆಂಗ ಗೊತ್ತಾಗಬೇಕು?"

ನೀಲಾ ವಿಚಾರ ಮಾಡಿದಳು. ಗಂಟೆ ಬಾರಿಸಿತು. "ನಾ ಬೆರಳು ಹಾಕಂಗಿಲ್ಲ," ಎಂದಳು. "ಬೆನ್ನು ಹಚ್ಚಿ ನಿಂದರತೇನಿ. ತೂತು ಮುಚ್ಚತೈತಿ. ಒಬ್ಬರದೂ ಬೆರಳು ಬರಂಗಿಲ್ಲ. ಮತ್ತ ದನಿ ಕೇಳಸ್ತೈತಲ್ಲ, ನಂದಂತ ಗೊತ್ತಾಗತೈತಿ."

ಮಹೆಕ ಬಾಟಲಿಯನ್ನು ಮಡಿಲಿನಿಂದ ತೆಗೆದು ಬೆಂಚಿನ ಮೇಲಿಟ್ಟಳು.

ಹನ್ನೊಂದೂವರೆಯ ವಿರಾಮದಲ್ಲಿ ಕರುಣಾ ವರಾಂಡದಲ್ಲಿ ನಿಂತು ಹಾಜರಿ ಪುಸ್ತಕ ನೋಡುತ್ತಿದ್ದಳು. ತಲೆ ಎತ್ತಿದಾಗ ತಗಡಿನ ಬಾಗಿಲಿಗೆ ಬೆನ್ನು ಹಚ್ಚಿ ನಿಂತ ಮಗಳು ಕಂಡಳು. ಎರಡೂ ಕೈ ಹಿಂದಕ್ಕೆ ಬಾಗಿಲ ಮೇಲೆ ಚಾಚಿದ್ದಳು. ಎದುರಿಗೆ ಸೃಷ್ಟಿಯೂ ಇನ್ನಿಬ್ಬರೂ ಬಂದು ನಿಂತಿದ್ದರು.

"ಬಾಜೂ ಸರಿ," ಎಂದಳು ಸೃಷ್ಟಿ.

"ಸರಿಯಂಗಿಲ್ಲ."

"ಏನ ಮಾಡಾಕತ್ತಿ ಇಲ್ಲಿ?"

"ಮಗ್ಗಿ ಹೇಳಾಕತ್ತೇನಿ. ನೀನೂ ಹೇಳೂದಿದ್ರ ಹೇಳು." ನೀಲಾ ಗಟ್ಟಿಯಾಗಿ ಶುರುಮಾಡಿದಳು. "ಏಳೊಂದ್ಲೆ ಏಳು. ಏಳೆರಡ್ಲೆ ಹದಿನಾಲ್ಕು. ಏಳ್ಮೂರ್ಲೆ ಇಪ್ಪತ್ತೊಂದು."

ಕರುಣಾ ಒಂದು ಹೆಜ್ಜೆ ಮೆಟ್ಟಿಲಿಳಿದಳು. ಸೃಷ್ಟಿ ಹಿಂದೆ ತಿರುಗಿ ಟೀಚರನ್ನು ನೋಡಿದಳು. ಕರುಣಾ ಅಲ್ಲೇ ನಿಂತಳು, ಮುಂದೆ ಹೋಗಲಿಲ್ಲ.

"ಏಳಾರ್ಲೆ ನಲವತ್ತೆರಡು. ಏಳೇಳ್ಲೆ ನಲವತ್ತೊಂಬತ್ತು. ಏಳೆಂಟ್ಲೆ..." ನೀಲಾ ತಡೆದಳು. "ಏಳೆಂಟ್ಲೆ ಐವತ್ನಾಲ್ಕು."

"ಐವತ್ತಾರು," ಎಂದು ಬಾಗಿಲ ಒಳಗಿನಿಂದ ಕೇಳಿಸಿತು.

ಸೃಷ್ಟಿ ಕಿಸಕ್ಕನೆ ನಕ್ಕಳು. ನಕ್ಕದ್ದು ನೀಲಾಳಿಗೆ. "ಟೀಚರ ಮಗಳಿಗೆ ಮಗ್ಗಿ ಬರಂಗಿಲ್ಲ," ಎಂದು ಕೂಗಿಕೊಂಡು ಮೂವರೂ ಮೈದಾನದ ಕಡೆ ಓಡಿದರು. ನೀಲಾ ಅಲ್ಲಿಯೇ ನಿಂತು, "ಏಳೆಂಟ್ಲೆ ಐವತ್ತಾರು. ಏಳೊಂಬತ್ಲೆ ಅರವತ್ಮೂರು" ಎಂದು ಮುಂದುವರಿಸಿದಳು. ಒಳಗಿನ ದನಿಯೂ ಕೂಡಿತು.

ಕರುಣಾ ವರಾಂಡಕ್ಕೆ ಹತ್ತಿ ಹಾಜರಿ ಪುಸ್ತಕ ತೆರೆದಳು. ಮಧ್ಯಾಹ್ನ ಎರಡು ಗಂಟೆಗೆ ಇಬ್ಬರೂ ಇನ್ನೊಮ್ಮೆ ಕೈ ಎತ್ತಿ ಒಟ್ಟಿಗೆ ಹೊರಗೆ ಹೋದರು. ಅವಳು ಏನೂ ಕೇಳಲಿಲ್ಲ.

ಸಂಜೆ ಗೋಡೆಯ ಮೇಲಿಂದ ಬಾಟಲಿಯ ಜೊತೆ ಮಹೆಕಳೂ ಇಳಿದು ಬಂದಳು. ಅಡುಗೆಮನೆಯ ಹೊಸ್ತಿಲಲ್ಲಿ ನೀಲಾಳ ಪಕ್ಕ ಕೂತು ಶೇಂಗಾ ಸುಲಿದಳು. ಹನುಮೇಶ ಬಾಟಲಿ ಎತ್ತಿ ನೋಡಿದ.

"ಅಯ್ಯ, ಇವತ್ತ ಉಳಿಸ್ಯಾಳಲ್ಲೋ," ಎಂದಳು ಗುಡ್ಡವ್ವ. "ಮೂರು ದಿನ ಛಲೋ ಖಾಲಿ ಮಾಡಿದ್ಳು."

ಮಹೆಕ ಶೇಂಗಾ ಸುಲಿಯುವುದನ್ನು ನಿಲ್ಲಿಸಿ ನೀಲಾಳನ್ನು ನೋಡಿದಳು. ನೀಲಾ ತಂದೆಯನ್ನು ನೋಡಿದಳು. ಹನುಮೇಶ ಇಬ್ಬರನ್ನೂ ನೋಡಿದ, ಆಮೇಲೆ ಕ್ಯಾಲೆಂಡರಿನ ಮೂರು ಸೊನ್ನೆಗಳನ್ನು.

"ಉಳದ್ರ ಉಳೀಲಿ ಬಿಡು ಅವ್ವ," ಎಂದ. "ಎಷ್ಟೈತೋ ಅಷ್ಟು ಬರಕೋತೇನಿ."

ಊಟದ ತಾಟಿಗೆ ರೊಟ್ಟಿ ಬಂತು. ಮಹೆಕಳಿಗೂ ಒಂದು ತಾಟು ಹಾಕಿದರು. ನೀಲಾ ಪಲ್ಯ ಕಲಸುತ್ತ ತಾಯಿಯ ಕಡೆ ತಿರುಗಿದಳು.

"ಅವ್ವಾ, ನಾ ಒಂದ ಹೇಳ್ತೇನಿ. ಬರಿಯಂಗಿಲ್ಲ ಮತ್ತ."

"ಬರಿಯಂಗಿಲ್ಲ."

"ಅಜ್ಜಾ, ನೀನೂ ತಗಿಯಂಗಿಲ್ಲ."

"ಇಲ್ಲವ್ವ, ಕಣ್ಣ ಮುಚ್ಕೋತೇನಿ."

ನೀಲಾ ಮಹೆಕಳ ಮುಖ ನೋಡಿದಳು. "ಹೇಳ್ಲೇನು?"

"ಹೇಳು," ಎಂದಳು ಮಹೆಕ. "ಅದು ನಿಂದ ಐತಿ."

"ನಂಗ ಏಳೆಂಟ್ಲೆ ಮರತಿತ್ತು," ಎಂದಳು ನೀಲಾ.

ಗುಡ್ಡವ್ವ ನಕ್ಕು ಎರಡೂ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಹನುಮೇಶ ಬಾಟಲಿಯ ನೀರನ್ನು ನಿಧಾನವಾಗಿ ಸಿಲಿಂಡರಿಗೆ ಸುರಿದು, ಮಟ್ಟಕ್ಕೆ ಕಣ್ಣಿಟ್ಟು ಬಗ್ಗಿ ಓದಿದ. ಫೆಬ್ರುವರಿ 3ರ ಚೌಕದಲ್ಲಿ ಬರೆದ: 235 ಮಿಲಿಲೀಟರ್.